ದುರಗವ್ವನ ಈಚಲು ಚಾಪೆ

ಕಾಲಿಗೆ ಮುಳ್ಳು ಚುಚ್ಚಿದರೆ ದುರಗವ್ವ ಕೂತು ತೆಗೆದದ್ದನ್ನು ನಾನು ಕಂಡಿಲ್ಲ. ಬೀದಿಯ ನಡುವೆ ನಿಂತಲ್ಲೇ ಆ ಪಾದವನ್ನು ಎತ್ತಿ ಇನ್ನೊಂದು ಮೊಣಕಾಲಿನ ಮೇಲೆ ಇಟ್ಟುಕೊಳ್ಳುವಳು. ತಲೆಯ ಮೇಲೆ ಈಚಲು ಕಸಬರಿಗೆಗಳ ಹೊರೆ ಇರುವುದರಿಂದ ಬಗ್ಗಿ ನೋಡುವಂತಿಲ್ಲ. ಬೆರಳಿನಿಂದಲೇ ತಡವಿ ಮುಳ್ಳು ಹುಡುಕಿ, ಸಂಚಿಯೊಳಗಿನ ಸೂಜಿಯಿಂದ ಕಿತ್ತು, ಬೇಲಿಯಾಚೆ ಎಸೆದು ಕಾಲು ಇಳಿಸುವಳು. ಅಷ್ಟೂ ಹೊತ್ತು ಬಾಯಿ ಮಾತ್ರ ಕಸಬರಿಗೆಯ ಚೌಕಾಶಿ ನಡೆಸಿಯೇ ಇರುತ್ತಿತ್ತು. ಆಗ ಅವಳಿಗೆ ಅರವತ್ತು ದಾಟಿತ್ತು. ಹದಿನೆಂಟರ ನಾನು ಹೊಸ್ತಿಲು ದಾಟುವಾಗ ಸೀರೆ ತೊಡರಿ ಮುಗ್ಗರಿಸುತ್ತಿದ್ದೆ.

ನಾನು ಯಲಬುರ್ಗಾದಿಂದ ಗಂಗಾವತಿಗೆ ಸೊಸೆಯಾಗಿ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ನಮ್ಮದು ಕಾಳಿನ ವ್ಯಾಪಾರದ ಮನೆ. ಮಾವನವರು ಇರಲಿಲ್ಲ. ಅತ್ತೆ ನೀಲವ್ವನವರದೇ ಕಾರುಬಾರು, ಅವರ ಮಾತು ಎಂದರೆ ಮಾತು. ಆದರೆ ನಾನು ಬರುವ ಹಿಂದಿನ ಮಳೆಗಾಲದಲ್ಲಿ ಅವರು ಬಚ್ಚಲಿನಲ್ಲಿ ಜಾರಿ ಬಿದ್ದಿದ್ದರು. ಮುಂಗೈ ಮುರಿದು ಕೂಡಿಕೊಂಡಿತು. ಮುರಿದ ಧೈರ್ಯ ಮಾತ್ರ ಕೂಡಲಿಲ್ಲ. ಗೋಡೆ ಹಿಡಿಯದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಅವರ ಕೋಣೆಯಿಂದ ಅಡುಗೆಮನೆಯವರೆಗೆ, ಅಲ್ಲಿಂದ ಹಿತ್ತಿಲ ಬಾಗಿಲವರೆಗೆ, ಸುಣ್ಣದ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಎಣ್ಣೆಗೈಯ ಗುರುತುಗಳ ಸಾಲು ಬಿದ್ದಿತ್ತು. ಅತ್ತೆ ಎಲ್ಲಿದ್ದಾರೆಂದು ಹುಡುಕಬೇಕಾದರೆ ಆ ಸಾಲು ಹಿಡಿದು ಹೋದರೆ ಸಾಕು.

ಅವರಿಗೆ ಒಬ್ಬಳೇ ಅಕ್ಕ, ಪಾರವ್ವ, ಹೊಳೆಯಾಚೆ ಕಮಲಾಪುರದಲ್ಲಿ. ಈಚೆ ನಮ್ಮದು ನಿಜಾಮರ ಮೊಗಲಾಯಿ, ಆಚೆ ಇಂಗ್ರೇಜರ ಕಂಪನಿ ಸೀಮೆ. ಸರ್ಕಾರ ಎರಡಾದರೂ ಅಕ್ಕತಂಗಿಯರಿಗೆ ಹೊಳೆ ಒಂದೇ. ವರ್ಷಕ್ಕೊಮ್ಮೆ ನೀರು ಇಳಿದಾಗ ಅತ್ತೆ ಚಕ್ಕಡಿ ಕಟ್ಟಿಸಿಕೊಂಡು ವಿರೂಪಾಪುರಗಡ್ಡೆಗೆ ಹೋಗಿ, ಹರಗೋಲಿನಲ್ಲಿ ಹಂಪಿಯ ದಂಡೆಗೆ ದಾಟಿ, ಅಕ್ಕನ ಮನೆಯಲ್ಲಿ ಎಂಟು ದಿನ ಇದ್ದು ಬರುತ್ತಿದ್ದರು. ಬಿದ್ದ ಮೇಲೆ ಅದು ನಿಂತಿತು. ಆ ವರ್ಷ ದೀಪಾವಳಿಯ ಮುಂಚೆ ಹರಗೋಲಿನವರ ಕೈಲಿ ಪಾರವ್ವ ಹೇಳಿ ಕಳಿಸಿದಳು: "ಕಣ್ಣಿಗೆ ಪೊರಿ ಬರಾಕತ್ತೈತಿ. ಮಾರಿ ಕಾಣೋದ್ರಾಗ ಒಮ್ಮಿ ಬಂದು ಹೋಗು. ಮುಂದಿನ ಮಳಿಗಾಲ ಕಂಡೇನೋ ಇಲ್ಲೋ."

ಅತ್ತೆ ಆ ದಿನ ಉಣ್ಣಲಿಲ್ಲ. ನಮ್ಮ ಮನೆಯವರು ಹೋಗಿ, "ಅವ್ವಾ, ಅದಕ್ಯಾಕ ಚಿಂತಿ? ನಾಕು ಮಂದಿ ಆಳು ಕರಕೊಂಡು ಹೋಗೂಣು, ಕುರ್ಚಿ ಸಮೇತ ಎತ್ತಿ ಹರಗೋಲದಾಗ ಇಟ್ಟರಾತು" ಅಂದರು.

"ನನ್ನ ಹೊರೋದು ಒಂದ ಸಲ," ಅಂದರು ಅತ್ತೆ. "ಆವಾಗ ನಾಕು ಮಂದಿ ತಾವ ಬರ್ತಾರ. ನೀ ಗಡಿಬಿಡಿ ಮಾಡಬ್ಯಾಡ."

ಹೋದರೆ ತಮ್ಮ ಕಾಲ ಮೇಲೆ, ಇಲ್ಲದಿದ್ದರೆ ಇಲ್ಲ. ಅವರು ಹಟ ಹಿಡಿದರೆ ಮುಗಿಯಿತು.

ಇಂಥ ಒಂದು ಬೆಳಗ್ಗೆ ದುರಗವ್ವ ನಮ್ಮ ಬಾಗಿಲ ಮುಂದೆ ಮುಳ್ಳು ಕೀಳುತ್ತಿದ್ದುದನ್ನು ಅತ್ತೆ ಚೌಕಟ್ಟು ಹಿಡಿದು ನಿಂತು ನೋಡಿದರು. ಕಣ್ಣು ಮಿಟುಕಿಸದೆ ನೋಡಿದರು.

"ಏ ದುರಗಿ, ಒಂದ ಕಾಲಮ್ಯಾಲ ಹೆಂಗ ನಿಂತೀಯೇ?"

"ಇನ್ನೊಂದರಾಗ ಮುಳ್ಳೈತಲ್ರಿ ಅವ್ವಾರ. ಅದಕ್ಕ."

"ಚ್ಯಾಷ್ಟಿ ಸಾಕು. ನನಗ ಕಲಿಸ್ತೀಯೇನ?"

ದುರಗವ್ವ ಕಾಲು ಇಳಿಸಿದಳು. ಅವಳು ಡೊಂಬರಾಟದವರ ಮಗಳು. ಐದನೇ ವರ್ಷಕ್ಕೆ ಹಗ್ಗ ಹತ್ತಿದವಳು. ಕೊಪ್ಪಳ, ಕುಷ್ಟಗಿ, ಇಟಗಿಯ ಗುಡಿಯ ಮುಂದಿನ ಬಯಲು, ಎಲ್ಲ ಕಡೆ ಅವಳು ಹಗ್ಗದ ಮೇಲೆ ನಡೆದಿದ್ದಳು. ಮೂವತ್ತೈದರ ಹೊತ್ತಿಗೆ ಕುಷ್ಟಗಿಯಲ್ಲಿ ಬಿದ್ದು ಆಟ ಬಿಟ್ಟಳು. ಅದನ್ನು ಅವಳ ಬಾಯಲ್ಲೇ ಕೇಳಬೇಕು. "ಹಗ್ಗದ ಮ್ಯಾಲ ಇದ್ದಾಗ ಕೆಳಗ ನೋಡಬಾರದ್ರಿ. ನಾ ನೋಡಿದೆ. ಯಾಕಂದ್ರ, ಡೋಲು ಬಾರಸ್ತಿದ್ದ ನನ್ನ ಗಂಡ ಬಳಿಗಾರಾಕಿ ಮಾರಿ ನೋಡಿ ಹಲ್ಲು ಕಿಸದಿದ್ದ! ದಬಕ್ಕನೆ ಬಿದ್ದೆ. ಪುಣ್ಯಾಕ ಕೆಳಗ ನಮ್ಮ ಈಚಲ ಚಾಪಿ ಮಡಚಿ ಹಾಕಿದ್ರು. ಎದ್ದಾಕಿನ ಡೋಲು ಕಸಗೊಂಡು ಅವನ ಬೆನ್ನಮ್ಯಾಲ ಬಾರಿಸಿದೆ. ಮಂದಿ ಆಟಂತ ತಿಳಿದು ಚಪ್ಪಾಳಿ ಹೊಡದ್ರು." ಗಂಡ ಸತ್ತು ಹತ್ತು ವರ್ಷವಾಗಿತ್ತು. ಈ ಕತೆ ಹೇಳುವಾಗಲೆಲ್ಲ ನಕ್ಕು ನಕ್ಕು, ಕೊನೆಗೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಕಲಿಸುವುದೇನೋ ಸರಿ, ಯಾರ ಚಾಪೆಯ ಮೇಲೆ? ದುರಗವ್ವನೇ ಸಮಸ್ಯೆಯನ್ನು ಬಿಡಿಸಿಟ್ಟಳು. "ನಿಮ್ಮ ಚಾಪಿ ನಾ ಮುಟ್ಟಿದ್ರ ಅದನ್ನ ತೊಳೀಬೇಕು. ನನ್ನ ಚಾಪಿ ಮ್ಯಾಲ ನೀವು ಬಂದ್ರ ನೀವು ಸ್ನಾನ ಮಾಡಬೇಕು. ಯಾವುದು ಹಗುರ ನೋಡ್ರಿ ಅವ್ವಾರ."

ಅತ್ತೆ ಲೆಕ್ಕ ಹಾಕಿದರು. ಸ್ನಾನ ಹೇಗೂ ದಿನಾ ಮಾಡುವುದೇ. ಹಾಗಾಗಿ ಪಾಠ ಬೆಳಗಿನ ಸ್ನಾನಕ್ಕೆ ಮುಂಚೆ, ಹಿತ್ತಿಲಿನ ಬೇವಿನ ಗಿಡದ ಕೆಳಗೆ, ದುರಗವ್ವನ ಚಾಪೆಯ ಮೇಲೆ ಎಂದು ನಿಶ್ಚಯವಾಯಿತು. ಮಡಿಯೂ ಉಳಿಯಿತು, ಕೆಲಸವೂ ಆಯಿತು. ನಮ್ಮ ಅತ್ತೆಯಂಥ ಮಡಿಯವರು ಬೇರೆಯಿಲ್ಲ, ಅಂಥ ವ್ಯವಹಾರದವರೂ ಇಲ್ಲ.

ಅದು ಕುಷ್ಟಗಿಯಲ್ಲಿ ಅವಳನ್ನು ಹಿಡಿದ ಅದೇ ಚಾಪೆ. ಈಚಲ ಗರಿಯನ್ನು ಗೇಣಗಲದ ಪಟ್ಟಿಗಳಾಗಿ ಹೆಣೆದು, ಪಟ್ಟಿಗೆ ಪಟ್ಟಿ ಹೊಲಿದದ್ದು. ಇಬ್ಬರು ಆರಾಮಾಗಿ ಮಲಗಬಹುದಾದಷ್ಟು ದೊಡ್ಡದು. ಜೊತೆಗೆ ಹಗ್ಗದ ಮೇಲೆ ಹಿಡಿಯುತ್ತಿದ್ದ ಬಿದಿರಿನ ಗಳವನ್ನೂ ತಂದಿದ್ದಳು. ಕೈ ಹಿಡಿದು ಕಲಿಸುವಂತಿಲ್ಲವಲ್ಲ. ಗಳದ ಒಂದು ತುದಿ ಅವಳ ಕೈಲಿ, ಇನ್ನೊಂದು ತುದಿ ಅತ್ತೆಯ ಕೈಲಿ.

ಮೊದಲ ದಿನ ಅತ್ತೆ ಗತ್ತಿನಿಂದ ಚಾಪೆಯ ಮೇಲೆ ನಿಂತು, "ಹೂಂ, ಯಾವ ಕಾಲು ಎತ್ತಲಿ?" ಅಂದರು.

"ಯಾವುದೂ ಬ್ಯಾಡ್ರಿ. ಮಲಕೋರಿ. ಮೊದಲು ಬೀಳೋದು ಕಲೀರಿ."

"ಬೀಳೋದು ಬರತೈತೇ ನನಗ! ಬಿದ್ದಾಕೀನ ನಾನು!"

"ನೀವು ಬಿದ್ದಿಲ್ರಿ, ನಿಮ್ಮನ್ನ ಬಚ್ಚಲ ಕೆಡವೇತಿ. ಬೀಳೋದು ಬ್ಯಾರೆ."

ಹದಿನೈದು ದಿನ ಅತ್ತೆ ಚಾಪೆಯ ಮೇಲೆ ಹೊರಳಿದರು. ಕೂಸಿನ ಹಾಗೆ ಮಗ್ಗುಲಾಗುವುದು, ಮೊಣಕೈ ಊರುವುದು, ಅಂಬೆಗಾಲಿಗೆ ಬರುವುದು, ಒಂದು ಮೊಣಕಾಲು ಎತ್ತಿಟ್ಟು ಏಳುವುದು. ಮನೆತನದ ಯಜಮಾನಿ ಬೇವಿನ ಗಿಡದ ಕೆಳಗೆ ಅಂಬೆಗಾಲಿಡುವುದನ್ನು ನೋಡಿ ನಾನು ಬಾವಿಯ ಹಿಂದೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದೆ. ದುರಗವ್ವನಿಗೆ ಬೆನ್ನಲ್ಲೂ ಕಣ್ಣು. "ಸಣ್ಣವ್ವಾರ, ನಗೋದು ಸಾಕು, ನೀವೂ ಬರ್ರಿ. ಹೊಸ್ತಿಲಾ ಎಡವೋದು ನಿಮ್ಮ ಮನಿ ಪದ್ಧತಿ ಏನ್ರಿ?" ಅಂದಳು. ನಾನೂ ಹೊರಳಿದೆ. ಅತ್ತೆಯ ಮುಂದೆ ಸೊಸೆ ಜೋರಾಗಿ ನಕ್ಕದ್ದು ಆ ಮನೆಯಲ್ಲಿ ಅದೇ ಮೊದಲಂತೆ.

ಆಮೇಲೆ ಒಂಟಿಕಾಲು. ಅದಕ್ಕೆ ದುರಗವ್ವನ ಅಳತೆ ಶೇಂಗಾ. ಒಂದು ಕಾಲೆತ್ತಿ ನಿಂತು ಶೇಂಗಾಕಾಯಿ ಸುಲಿಯಬೇಕು. ಕಾಲು ಕೆಳಗೆ ಬರುವುದರೊಳಗೆ ಎಷ್ಟು ಸುಲಿದರೋ ಅಷ್ಟು. "ಕಾಲ ನೋಡಬ್ಯಾಡ್ರಿ, ಅದೇನು ಓಡಿ ಹೋಗಾಂಗಿಲ್ಲ. ಆ ಗ್ವಾಡಿ ಮಾಡದಾಗಿನ ದೀಪ ನೋಡ್ರಿ. ಮೊಣಕಾಲು ಸಡ್ಲ ಬಿಡ್ರಿ. ಉಸುರು ಬಿಡ್ರಿ ಅವ್ವಾರ, ಯಾಕ ಒಳಗ ಕಟ್ಟಿ ಇಟ್ಟೀರಿ?" ಮೊದಲ ವಾರ ಅರ್ಧ ಶೇಂಗಾ. ಸಂಕ್ರಾಂತಿಗೆ ಐದು. ಆಮೇಲೆ ಒಂದು ಬೆಳಗ್ಗೆ ಅತ್ತೆ ಗಳ ಬಿಟ್ಟು ಒಂಬತ್ತು ಸುಲಿದು, ಕೊನೆಯದರ ಕಾಳನ್ನು ಬಾಯಿಗೆ ಎಸೆದುಕೊಂಡರು. ನಾವು ಮೂವರೂ ಆ ಶೇಂಗಾಗಳನ್ನು ಬೆಲ್ಲದ ಜೊತೆ ತಿಂದೆವು. ನಾನೂ ಅತ್ತೆಯೂ ಒಂದು ಕಡೆ, ದುರಗವ್ವ ಚಾಪೆಯ ಆ ಕಡೆ.

ಗೆದ್ದೆವು ಎಂದುಕೊಂಡೆವು. ಅಲ್ಲೇ ಎಡವಟ್ಟಾಗಿತ್ತು. ಚಾಪೆಯ ಮೇಲೆ ಒಂಬತ್ತು ಶೇಂಗಾ ನಿಲ್ಲುವ ಅತ್ತೆ, ಚಾಪೆ ಬಿಟ್ಟು ನೆಲಕ್ಕೆ ಕಾಲಿಟ್ಟ ಕೂಡಲೇ ಗೋಡೆ ಹಿಡಿಯುತ್ತಿದ್ದರು! ಶಕ್ತಿಯೆಲ್ಲ ಆ ಚಾಪೆಯಲ್ಲಿದೆ ಎಂದು ಅವರಿಗೆ ಮನದಟ್ಟಾಗಿಬಿಟ್ಟಿತ್ತು. "ಸುಮ್ಮನ ಚಾಪಿ ಅಲ್ಲ ಅದು. ಆಕೀನ್ನ ಸಾಯೋದ್ರಾಗಿಂದ ಉಳಿಸೇತಿ," ಅನ್ನುವರು. ದುರಗವ್ವನಿಂದ ಅಂಥದೇ ಇನ್ನೊಂದು ಚಾಪೆ ಹೊಲಿಸಿದರು. ಒಂದು ಸೋಮವಾರ ಹಳೆಯದನ್ನೂ ಇಸಿದುಕೊಂಡು, ಮಡಿಗೆಂದು ಎರಡನ್ನೂ ತೊಳೆಸಿ, ಗುಡಿಗೆ ಹೊರಟೇಬಿಟ್ಟರು. ಅವರು ಒಂದು ಚಾಪೆಯ ಮೇಲೆ ನಡೆಯುವುದು, ನಾನು ಎರಡನೆಯದನ್ನು ಮುಂದೆ ಹಾಸುವುದು, ಅವರು ಅದಕ್ಕೆ ದಾಟಿದ ಮೇಲೆ ಹಿಂದಿನದನ್ನು ಎಳೆದುಕೊಂಡು ಮತ್ತೆ ಮುಂದಕ್ಕೆ ಓಡುವುದು. ಕಟ್ಟೆಯ ಮೇಲೆ ಕೂತವರು, "ಏನಪಾ, ಶೆಟ್ಟರವ್ವನ ಸವಾರಿ ಹಾಸಿಗಿ ಹಾಸ್ಕೊಂಡ ಹೊಂಟೈತಿ!" ಎಂದು ನಕ್ಕರು. ಗುಡಿ ಮುಟ್ಟುವುದರೊಳಗೆ ಮಂಗಳಾರತಿ ಮುಗಿದಿತ್ತು. ನನ್ನ ಸೊಂಟವೂ ಮುಗಿದಿತ್ತು. ನನಗೆ ಎಂಥ ನಾಚಿಕೆಯಾಯಿತೆಂದರೆ, ತವರಿಗೆ ಓಡಿಹೋಗಲೇ ಅನ್ನಿಸಿತು.

ಬೀದಿ ತಿರುವಿನಲ್ಲಿ ಕಸಬರಿಗೆ ಹೊತ್ತು ಬರುತ್ತಿದ್ದ ದುರಗವ್ವ ಈ ಮೆರವಣಿಗೆಯನ್ನು ನೋಡಿದಳು. ಎಲ್ಲರೂ ನಗುವಾಗ ಅವಳು ನಗಲಿಲ್ಲ. "ತಪ್ಪು ನಂದ," ಅಂದಳು ನನಗೆ ಮಾತ್ರ ಕೇಳುವ ಹಾಗೆ. "ಹೊಳಿ ಮ್ಯಾಲ ಎಲ್ಲಿ ಚಾಪಿ ಹಾಸ್ತಾರ?"

ಮರುದಿನದಿಂದ ಚಾಪೆ ಸಣ್ಣದಾಗತೊಡಗಿತು. ಮೊದಲು ನನಗೂ ತಿಳಿಯಲಿಲ್ಲ. ಅತ್ತೆಯೇ ಒಂದು ದಿನ, "ಯಾಕ ದುರಗವ್ವ, ಇದು ಅಡ್ಡಗಲಕ್ಕ ಸಣ್ಣದಾದಂಗ ಕಾಣತೈತಿ?" ಅಂದರು. ದುರಗಿ ಹೋಗಿ ದುರಗವ್ವ ಆದದ್ದು ಯಾವಾಗಲೋ, ಯಾರೂ ಗಮನಿಸಿರಲಿಲ್ಲ.

"ಇಲಿ ಕಡದಾವ್ರಿ. ನಮ್ಮ ಗುಡಿಸಲದಾಗ ಭಾಳ ಆಗ್ಯಾವ."

"ಇಷ್ಟು ನೆಟ್ಟಗ ಕಡಿತಾವ ನಿಮ್ಮ ಇಲಿ?"

"ಕಸಬುದಾರ್ರ ಮನಿ ಇಲಿ ಅಲ್ಲೇನ್ರಿ!"

ಅವಳು ಬಾವಿಯ ಹಿಂದೆ ಕೂತು ಸೂಜಿಯಿಂದ ಒಂದು ಪಟ್ಟಿಯ ಹೊಲಿಗೆ ಬಿಚ್ಚುವುದನ್ನು ನಾನು ಕಂಡೆ. "ಯಾಕ ದುರಗವ್ವ? ನಿನ್ನ ಜೀವ ಉಳಿಸಿದ ಚಾಪಿ ಅಲ್ಲೇನು? ಹೊಸದನ್ನ ಬಿಚ್ಚಬಾರದಾ?" ಎಂದೆ.

"ಹೊಸದರ ಮ್ಯಾಲ ಅವರಿಗೆ ಅಷ್ಟು ನಂಬಿಗಿ ಇಲ್ಲ ಸಣ್ಣವ್ವಾರ. ನಂಬಿದ್ದನ್ನ ಬಿಚ್ಚಬೇಕು," ಅಂದಳು. ಹಲ್ಲಿನಿಂದ ದಾರ ಕಡಿದು ಪಟ್ಟಿಯನ್ನು ಸುರುಳಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನನ್ನ ಅಪ್ಪ ಹಿಂಗ ಕಲಿಸಿದ್ದು. ಮೊದಲು ಅಂಗಳದಾಗ ನಡಿ ಅಂದ, ಆಮ್ಯಾಲ ಹಲಗಿ ಮ್ಯಾಲ, ಆಮ್ಯಾಲ ಬಿದಿರ ಮ್ಯಾಲ. ಹಗ್ಗಕ್ಕ ಬಂದಾಗ ನನಗ ಗೊತ್ತ ಆಗಲಿಲ್ಲ."

ಶಿವರಾತ್ರಿಯ ಹೊತ್ತಿಗೆ ಚಾಪೆ ಒಂದೇ ಪಟ್ಟಿ ಉಳಿಯಿತು, ಗೇಣಗಲದ್ದು. ಅತ್ತೆ ಅದರ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಪಕ್ಕಕ್ಕೆ ಕಾಲು ಜಾರಿದರೆ ನೆಲ, ನೆಲಕ್ಕೆ ಜಾರಿದರೂ ಗೋಡೆ ಹುಡುಕುತ್ತಿರಲಿಲ್ಲ. ಅತ್ತೆಗೆ ಇಲಿಯ ಕತೆ ಮೊದಲೇ ತಿಳಿದಿತ್ತು ಎಂದು ನನ್ನ ಗುಮಾನಿ. ಬಾಯಿ ಬಿಡಲಿಲ್ಲ, ಅಷ್ಟೆ. ಯುಗಾದಿಗೆ ಮುಂಚೆ ಗೋಡೆಗೆ ಸುಣ್ಣ ಹೊಡೆಸಿದೆವು. ವಾರ ಕಳೆದರೂ ಒಂದು ಕೈಗುರುತು ಬೀಳಲಿಲ್ಲ. ನಾನು ಬೆಳಿಗ್ಗೆ ಎದ್ದು ಮೊದಲು ಆ ಬಿಳಿ ಗೋಡೆಯನ್ನೇ ನೋಡುತ್ತಿದ್ದೆ.

ಹೊಳೆಗೆ ಹೊರಟ ದಿನ ಚಕ್ಕಡಿಯಲ್ಲಿ ಅತ್ತೆ, ನಾನು, ನಮ್ಮ ಮನೆಯವರು. ಹಿಂದಿನಿಂದ ಗಳ ಹೆಗಲಿಗಿಟ್ಟು ದುರಗವ್ವ ನಡೆದು ಬಂದಳು. ವಿರೂಪಾಪುರಗಡ್ಡೆಯ ಗದ್ದೆಗಳ ನಡುವೆ ಬದುವಿನ ಮೇಲೆ ನಡೆಯಬೇಕಾಯಿತು. ಗೇಣಗಲದ ಬದು. ಅತ್ತೆ ನಡೆದರು, ನಾನು ಕೆಸರಿಗೆ ಕಾಲಿಟ್ಟೆ. "ಅಯ್ಯ ನನ್ನವ್ವ, ಇಕಿಗಿನ್ನೂ ಒಂದು ವರ್ಷ ಕಲಿಸಬೇಕು," ಅಂದರು ಅತ್ತೆ ಹಿಂದೆ ತಿರುಗಿ.

ದಂಡೆಯಲ್ಲಿ ಹರಗೋಲು ನೀರಿನ ಮೇಲೆ ಬುಟ್ಟಿಯ ಹಾಗೆ ತಿರುಗುತ್ತಿತ್ತು. ಅತ್ತೆಯ ಮುಖ ಬಿಳಿಚಿತು. ಅಂಬಿಗ ಬಂದು, "ಎತ್ತಿ ಇಡ್ಲೇನ್ರಿ ಅವ್ವಾರ?" ಅಂದ.

"ಮೈ ಮುಟ್ಟಿದ್ರ ನೋಡು!"

ದುರಗವ್ವ ಸೊಂಟದಿಂದ ಆ ಕೊನೆಯ ಪಟ್ಟಿಯನ್ನು ತೆಗೆದು ಹರಗೋಲಿನ ಒಳಗೆ, ಅತ್ತೆ ಕಾಲಿಡುವ ಕಡೆ ಹಾಸಿದಳು. ಅತ್ತೆ ಅದನ್ನೇ ನೋಡಿದರು. ಹೊಳೆಯನ್ನು ನೋಡಿದರು. "ತಗೀ ಅದನ್ನ," ಅಂದರು.

ಅವಳು ತೆಗೆದಳು. ಅತ್ತೆ ಗಳದ ತುದಿ ಹಿಡಿದರು. ಎಡಗಾಲು ದಂಡೆಯ ಕಲ್ಲಿನ ಮೇಲೆ, ಬಲಗಾಲು ಗಾಳಿಯಲ್ಲಿ. ಅಷ್ಟರಲ್ಲಿ ಹರಗೋಲು ಒಂದು ಮೊಳ ಆಚೆ ಸರಿಯಿತು! ನಮ್ಮ ಮನೆಯವರು "ಅವ್ವಾ!" ಎಂದು ಚೀರಿದರು. ದುರಗವ್ವ ಮಾತ್ರ ಬೇವಿನ ಗಿಡದ ಕೆಳಗೆ ದೀಪ ತೋರಿಸುತ್ತಿದ್ದ ಅದೇ ದನಿಯಲ್ಲಿ, "ಅವಸರಿಲ್ರಿ ಅವ್ವಾರ, ಆಚಿ ದಂಡಿ ನೋಡ್ಕೋತ ನಿಂದರ್ರಿ. ಶೇಂಗಾ ಒಂದೂ..." ಎಂದು ಎಣಿಸಿದಳು. "ಎರಡೂ... ಮೂರೂ..." ಅಂಬಿಗ ಹರಗೋಲನ್ನು ಎಳೆದು ತಂದ. ನಾಲ್ಕಕ್ಕೆ ಅತ್ತೆ ಬಲಗಾಲನ್ನು ಹರಗೋಲಿನ ಬರಿಯ ತೊಗಲಿನ ಮೇಲೆ ಊರಿದರು. ಹರಗೋಲು ವಾಲಿತು, ಅವರ ಮೊಣಕಾಲು ಸಡಿಲವಾಗಿ ಅದರ ಜೊತೆಗೇ ವಾಲಿತು. ಐದಕ್ಕೆ ಅವರು ಒಳಗಿದ್ದರು, ನಿಂತೇ ಇದ್ದರು.

ನಾವೆಲ್ಲ ಹತ್ತಿದೆವು. ದುರಗವ್ವ ದಂಡೆಯಲ್ಲೇ ಉಳಿದಳು.

"ನೀ ಬಾ," ಅಂದರು ಅತ್ತೆ. "ನಿನ್ನ ನಮ್ಮಕ್ಕಗ ತೋರಿಸಬೇಕು."

"ನಾ ಒಲ್ಲೆರಿ." ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಆ ಹೆಂಗಸು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಹಗ್ಗದ ಕೆಳಗ ಮಣ್ಣಿರತೈತಿ. ಇದರ ಕೆಳಗ ಏನೈತ್ರಿ? ಮೊಸಳಿ!"

ಅತ್ತೆ ನಕ್ಕರು. ಗಳದ ತುದಿಯನ್ನು ಬಿಟ್ಟರು, ಅದು ಕಲ್ಲಿನ ಮೇಲೆ ಬಿದ್ದು ಉರುಳಿತು. ಬರಿಗೈ ಚಾಚಿದರು. "ಕೈ ಕೊಡು."

ದುರಗವ್ವ ಆ ಕಡೆ ಈ ಕಡೆ ನೋಡಿದಳು. ಅಂಬಿಗ ನೋಡುತ್ತಿದ್ದ, ಬಟ್ಟೆ ಒಗೆಯುವವರು ನೋಡುತ್ತಿದ್ದರು. "ಮೈಲಿಗಿ ಆಗತೈತ್ರಿ ಅವ್ವಾರ."

"ಕೆಳಗ ಇಷ್ಟು ದೊಡ್ಡ ಹೊಳಿ ಐತಲ್ಲ. ಬಿದ್ರ ಇಬ್ಬರದೂ ಸ್ನಾನ ಆಗತೈತಿ. ಬಾ!"

ನಾಲ್ಕು ತಿಂಗಳು ಗಳದ ಆ ತುದಿ ಈ ತುದಿಯಲ್ಲಿದ್ದ ಎರಡು ಕೈಗಳು ಅಲ್ಲಿ ಒಂದನ್ನೊಂದು ಹಿಡಿದವು. ಆಚೆ ದಂಡೆ ಮುಟ್ಟುವವರೆಗೂ ದುರಗವ್ವ ಕಣ್ಣು ಮುಚ್ಚಿಕೊಂಡೇ ಇದ್ದಳು. ಅತ್ತೆ ಕೈ ಬಿಡಲಿಲ್ಲ.

ಕಮಲಾಪುರದಲ್ಲಿ ಪಾರವ್ವ ಮನೆಯ ಜಗಲಿಯ ಮೇಲೆ ಕೂತಿದ್ದಳು. ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಎಳೆದುಕೊಂಡು ನೋಡಿದಳು. "ಕಾಣತೈತಿ," ಅಂದಳು. "ಇನ್ನೂ ಕಾಣತೈತಿ ನೀಲಾ. ಯಾರು ಹೊತ್ತು ತಂದ್ರು ನಿನ್ನ?"

"ಯಾರೂ ಇಲ್ಲ. ನಡಕೋತ ಬಂದೀನಿ. ನೋಡ ಬೇಕಾದ್ರ." ಅತ್ತೆ ಅಂಗಳದ ನಡುವೆ ಒಂಟಿಕಾಲಲ್ಲಿ ನಿಂತರು.

"ಅಷ್ಟು ದೂರದ್ದು ಕಾಣವಲ್ದು," ಎಂದು ಪಾರವ್ವ ಜಗಲಿ ಇಳಿದು ಬಗ್ಗಿ ನೆಲ ತಡವಿದಳು. ಒಂದು ಪಾದ ಸಿಕ್ಕಿತು. ಸುತ್ತ ತಡವಿದಳು. "ಇನ್ನೊಂದು ಎಲ್ಲೈತೇ?"

"ಮ್ಯಾಲೈತಿ!"

ಇಬ್ಬರೂ ನಗುತ್ತ ಅಳುತ್ತ ಅಲ್ಲೇ ಕುಸಿದು ಕೂತರು. ಮಧ್ಯಾಹ್ನ ಊಟಕ್ಕೆ ದುರಗವ್ವನಿಗೆ ಹೊರಗಿನ ಕಟ್ಟೆಯ ಮೇಲೆ ಎಲೆ ಹಾಕಿದರು. ಒಂದು ದಿನದಲ್ಲಿ ಎಲ್ಲ ಬದಲಾಗುತ್ತದೆಯೇ? ಆದರೆ ಅತ್ತೆ ತಮ್ಮ ತಾಟು ಎತ್ತಿಕೊಂಡು ಹೊರಗೆ ಹೋಗಿ ಅದೇ ಕಟ್ಟೆಯ ಮೇಲೆ ಕೂತು ಉಂಡರು. ಮುಂದಿನ ಮಳೆಗಾಲದೊಳಗೆ ಪಾರವ್ವನ ಕಣ್ಣು ಪೂರಾ ಹೋಯಿತು.

ದುರಗವ್ವ ಬಿಚ್ಚಿದ ಪಟ್ಟಿಗಳನ್ನು ಒಂದೂ ಎಸೆದಿರಲಿಲ್ಲ. ಊರಿಗೆ ಬಂದ ಮೇಲೆ ಎರಡು ದಿನ ಕೂತು ಎಲ್ಲ ಮತ್ತೆ ಹೊಲಿದುಕೊಂಡಳು. ಕೊನೆಯ ಪಟ್ಟಿಯನ್ನು ಮಾತ್ರ ಅತ್ತೆ ಇಸಿದುಕೊಂಡು ತಮ್ಮ ಸಂದೂಕಿನಲ್ಲಿ ಇಟ್ಟರು. "ಅಡ್ಡಗಲಕ್ಕ ಒಂದು ಗೇಣು ಕಡಿಮಿ ಆತ್ರಿ, ಇರಲಿ," ಅಂದಳು ದುರಗವ್ವ. ಆಮೇಲೆ ಓಣಿಯ ಮುದುಕಿಯರೆಲ್ಲ ನಮ್ಮ ಹಿತ್ತಿಲಿಗೆ ಬರತೊಡಗಿದರು. ನಮ್ಮ ಮನೆಯಲ್ಲಿ ಶೇಂಗಾ ಉಳಿಯುತ್ತಲೇ ಇರಲಿಲ್ಲ.

ಕೆಲವು ವರ್ಷಗಳ ಮೇಲೆ ಮುನಿರಾಬಾದ ಕಡೆ ಡ್ಯಾಮಿನ ಕೆಲಸ ಶುರುವಾಯಿತು. ದುರಗವ್ವನ ಮಗನಿಗೆ ಅಲ್ಲಿ ಕಲ್ಲು ಹೊರುವ ಕೆಲಸ ಸಿಕ್ಕಿತು, ತಾಯಿಯನ್ನೂ ಕರೆದುಕೊಂಡು ಹೊರಟ. ಹೇಳಿ ಹೋಗಲು ಅವಳು ಬಂದ ದಿನ ಅತ್ತೆ ಮನೆಯಲ್ಲಿರಲಿಲ್ಲ, ಕಣ್ಣಿಲ್ಲದ ಅಕ್ಕನ ಹತ್ತಿರ ಕಮಲಾಪುರಕ್ಕೆ ಹೋಗಿದ್ದರು.

"ಹೆಂಗ ಹೋದ್ರು?" ಎಂದು ಕೇಳಿದಳು.

"ನಡಕೋತ," ಎಂದೆ.

"ಸಾಕು ಬಿಡ್ರಿ. ಬಂದಿದ್ದೆ ಅಂತ ಹೇಳ್ರಿ." ತಲೆಯ ಮೇಲಿನ ಗಂಟಿನಿಂದ ಸುರುಳಿ ಸುತ್ತಿದ ಚಾಪೆ ಹೊರಗೆ ಇಣುಕುತ್ತಿತ್ತು. ನಾಲ್ಕು ಹೆಜ್ಜೆ ಹೋದವಳು ಅಂಗಳದಲ್ಲಿ ನಿಂತಳು. ಕಾಲಿಗೆ ಜಾಲಿಮುಳ್ಳು. ಎಂದಿನಂತೆ ಪಾದ ಎತ್ತಿ ಮೊಣಕಾಲಿನ ಮೇಲೆ ಇಟ್ಟುಕೊಂಡಳು, ಸಂಚಿಗೆ ಕೈ ಹಾಕಿದಳು. ಆಗ ಅವಳ ಮೈ ಒಮ್ಮೆ ತೂಗಿತು. ನಾನು ಓಡಿ ಹತ್ತಿರ ಹೋದೆ. ಅವಳ ಕೈ ಗಾಳಿಯಲ್ಲಿ ತಡವರಿಸಿ ನನ್ನ ಹೆಗಲಿನ ಮೇಲೆ ಬಂದು ಕೂತಿತು. ಪೂರಾ ಭಾರ ಬಿಟ್ಟಿದ್ದಳು.

"ವಯಸ್ಸಾತು ಸಣ್ಣವ್ವಾರ," ಅಂದಳು ನಗುತ್ತ. "ಹಂಗ ನಿಂದರ್ರಿ ಒಂಚೂರು."

ನಾನು ಮೊಣಕಾಲು ಸಡಿಲ ಬಿಟ್ಟೆ, ಉಸಿರು ಬಿಟ್ಟೆ, ಬಾಗಿಲೊಳಗಿನ ಮಾಡದ ದೀಪವನ್ನೇ ನೋಡಿದೆ. ಅಳು ಉಕ್ಕಿ ಬರುತ್ತಿತ್ತು. ಆದರೆ ಅವಳು ಮುಳ್ಳು ಕಿತ್ತು ಕಾಲು ಇಳಿಸುವವರೆಗೂ ನಾನು ಅಲುಗಲಿಲ್ಲ.